ಗೊತ್ತು, ಆದರೆ ಬಾಯಿಗೆ ಬರುವುದಿಲ್ಲ

ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವರಿಗೆ ಇಂಗ್ಲಿಷ್ ಬಾರದು ಎನ್ನುವುದು ಅರ್ಧ ಸತ್ಯ. ಟಾರ್ಕ್, ವೋಲ್ಟೇಜ್, ಟ್ರಾನ್ಸಿಸ್ಟರ್ ಅವರ ಬಾಯಲ್ಲಿ ಸಲೀಸಾಗಿ ಓಡಾಡುತ್ತವೆ. 'ಲೋಡ್ ಜಾಸ್ತಿ ಆದ್ರೆ ಸ್ಪೀಡ್ ಕಮ್ಮಿ ಆಗುತ್ತೆ ಸರ್' ಎಂದು ಮೋಟರಿನ ಗುಣವನ್ನು ತಪ್ಪಿಲ್ಲದೆ ಹೇಳುತ್ತಾರೆ. ವೈವಾದಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಎಂದರೆ ಮಾತು ಕಟ್ಟುತ್ತದೆ. ಪರಭಾಷೆಯ ನಾಮಪದಗಳನ್ನು ಕನ್ನಡದ 'ಆಗು', 'ಮಾಡು'ಗಳು ಎಷ್ಟು ಚೆನ್ನಾಗಿ ಸಾಗಿಸುತ್ತವೆಂದರೆ, ಕಾರಣಕ್ಕೂ ಪರಿಣಾಮಕ್ಕೂ ನಂಟು ಹಾಕುವ ಇಂಗ್ಲಿಷ್ ಪದಗಳ ಅಗತ್ಯವೇ ಬೀಳುವುದಿಲ್ಲ. ಆವರಿಲ್ ಕಾಕ್ಸ್‌ಹೆಡ್ ಅವರು ಹಲವು ವಿಷಯಗಳ ವಿಶ್ವವಿದ್ಯಾಲಯ ಪಠ್ಯಗಳನ್ನು ಜಾಲಾಡಿ 2000ದಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 570 ಪದಕುಟುಂಬಗಳಿವೆ. ಅಲ್ಲಿ ಟ್ರಾನ್ಸಿಸ್ಟರ್ ಸಿಗದು. ಅಸ್ಯೂಮ್, ಡಿರೈವ್, ಇಂಡಿಕೇಟ್, ಸಿಗ್ನಿಫಿಕೆಂಟ್ ಸಿಗುತ್ತವೆ. ಪುಸ್ತಕದಲ್ಲಿ ಕಂಡರೆ ಇವು ನಮ್ಮ ವಿದ್ಯಾರ್ಥಿಗೆ ಅರ್ಥವಾಗುತ್ತವೆ. ಬೇಕಾದಾಗ ಬರುವುದಿಲ್ಲ, ಅಷ್ಟೆ.

ಇದಕ್ಕೆ ನಾವು ಕೊಡುವ ಮದ್ದು ಇನ್ನಷ್ಟು ಓದು, ಇನ್ನೊಂದು ಪದಪಟ್ಟಿ. ಅದು ಸಾಲದು. ಕೆನಡಾದಲ್ಲಿ ಪಾಠಗಳನ್ನು ಫ್ರೆಂಚಿನಲ್ಲಿ ವರ್ಷಗಟ್ಟಲೆ ಕೇಳಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ಓದಿ, ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಫ್ರೆಂಚ್ ಮಕ್ಕಳ ಹತ್ತಿರಕ್ಕೆ ಬಂದರು. ಮಾತಿನಲ್ಲೂ ಬರಹದಲ್ಲೂ ಹಿಂದೆ ಉಳಿದರು. ಅವರನ್ನು ಆಡುವಂತೆ, ಬರೆಯುವಂತೆ ಯಾರೂ ಒತ್ತಾಯಿಸಲಿಲ್ಲ ಎಂಬುದು 1985ರಲ್ಲಿ ಮೆರಿಲ್ ಸ್ವೇನ್ ಮುಂದಿಟ್ಟ ಕಾರಣ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಮಾಡಿದ ಪ್ರಯೋಗವೂ ಇದೇ ದಿಕ್ಕಿನದು: ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು, ವಾರ ಕಳೆದ ಮೇಲೆ, ಪುಸ್ತಕ ಮುಚ್ಚಿ ನೆನಪಿಸಿಕೊಂಡಿದ್ದವರು. ಹಾಗಾದರೆ ಪದ ಬಳಸುವ ಕೆಲಸ ಇಂಗ್ಲಿಷ್ ಪೀರಿಯಡ್‌ಗಿಂತ ಲ್ಯಾಬಿಗೆ ಸೇರಬೇಕು. ಸೀನಿಯರ್‌ಗಳ ರೆಕಾರ್ಡ್ ನೋಡಿ ಪ್ರೊಸೀಜರ್ ನಕಲು ಮಾಡುವ (ಈ ಪದ್ಧತಿ ಯಾವ ಪ್ರಾಧ್ಯಾಪಕರಿಗೂ ಗೊತ್ತಿಲ್ಲದ್ದಲ್ಲ) ಸಮಯದಲ್ಲಿ, ರೀಡಿಂಗ್ ಮುಗಿದ ಕೂಡಲೇ ಗ್ರಾಫ್ ಅಲ್ಲಿ ಯಾಕೆ ಬಾಗಿತು ಎಂದು ನಾಲ್ಕು ಸ್ವಂತ ವಾಕ್ಯ ಬರೆಸಬಹುದು. ಆ ವಾಕ್ಯಗಳಲ್ಲಿ ಬಳಸಬೇಕಾದ ಐದು ಪದ ಬೋರ್ಡಿನ ಮೇಲೆ ಇರಲಿ. ಮುಂದಿನ ವಾರ ಪ್ರಯೋಗ ಬದಲಾಗಲಿ, ಪದಗಳು ಅವೇ ಇರಲಿ.

ಸ್ವಂತ ವಾಕ್ಯಕ್ಕೆ ಇಷ್ಟು ಮಹತ್ವ ಯಾಕೆ ಎಂದು ಕೇಳುವವರ ಕೈಯಲ್ಲಿ ಒಂದು ಗಟ್ಟಿ ಆಧಾರವಿದೆ. ಕೀತ್ ಫೋಲ್ಸ್ 2006ರಲ್ಲಿ ತೋರಿಸಿದಂತೆ, ಒಂದು ಸ್ವಂತ ವಾಕ್ಯ ಬರೆದವರಿಗಿಂತ ಅದೇ ಪದದ ಮೇಲೆ ಮೂರು ಬಿಟ್ಟ ಸ್ಥಳ ತುಂಬಿದವರಿಗೆ ಪದ ಹೆಚ್ಚು ನೆನಪುಳಿಯಿತು. ಒಪ್ಪುತ್ತೇನೆ, ಅದಕ್ಕೇ ಪದಗಳು ಮರಳಿ ಬರಬೇಕು ಎಂದದ್ದು. ಆರಂಭದ ವಾರಗಳಲ್ಲಿ ಬಿಟ್ಟ ಸ್ಥಳವನ್ನೇ ತುಂಬಿಸಿದರೂ ತಪ್ಪಿಲ್ಲ. ಆದರೆ ನೆನಪುಳಿದ ಪದ ಬಳಕೆಗೆ ಬಂದೇಬಿಡುತ್ತದೆ ಎಂದು ಆ ಅಧ್ಯಯನ ಹೇಳುವುದಿಲ್ಲ. ವಿಷಯ ಶಿಕ್ಷಕರು ಭಾಷೆ ಕಲಿಸಲು ಬಂದವರಲ್ಲ ಎಂಬ ಆಕ್ಷೇಪ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಅವರು ವ್ಯಾಕರಣ ತಿದ್ದಬೇಕಿಲ್ಲ. ಊಹಿಸಿಕೊಂಡದ್ದನ್ನು 'ಡಿರೈವ್' ಮಾಡಿದೆ ಎಂದು ಬರೆದರೆ ಅದು ವಿಷಯದ್ದೇ ತಪ್ಪು.

ಇದರಿಂದ ಕನ್ನಡ ಹಿಂದೆ ಸರಿಯುತ್ತದೆಯೇ? 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿತು. ಅದಕ್ಕೆ ನನ್ನ ವಿರೋಧವಿಲ್ಲ. ಗ್ರಾಫಿನ ಬಗ್ಗೆ ಮೊದಲು ಕನ್ನಡದಲ್ಲೇ ಜಗಳವಾಡಲಿ, ಹೇಳಬೇಕಾದದ್ದು ಖಚಿತವಾದ ಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ನಿಜವಾದ ಅಡ್ಡಿ ಇರುವುದು ಅಂಕಗಳಲ್ಲಿ. ಅಂದವಾದ ರೆಕಾರ್ಡಿಗೆ ಸಿಗುವ ಇಂಟರ್ನಲ್ಸ್ ಅಂಕಗಳಲ್ಲಿ ಎರಡಾದರೂ ಆ ನಾಲ್ಕು ಒರಟು ವಾಕ್ಯಗಳಿಗೆ ಹೋಗದಿದ್ದರೆ ವಿದ್ಯಾರ್ಥಿಗಳು ನಕಲನ್ನೇ ಮುಂದುವರಿಸುತ್ತಾರೆ, ಅವರ ಲೆಕ್ಕದಲ್ಲಿ ತಪ್ಪೂ ಇರುವುದಿಲ್ಲ.