ಒಣನೆಲಕ್ಕೊಪ್ಪುವ ಚೆಂಡು: ಕಲಬುರಗಿಯಿಂದ ಕಮಲಾಪುರಕ್ಕೆ

ಕಲಬುರಗಿಯ ಬೇಸಿಗೆಯನ್ನು ಉಂಡವರೇ ಬಲ್ಲರು. ವೈಶಾಖವು ಕಾಲಿಡುವಷ್ಟರಲ್ಲಿ ಉಷ್ಣಮಾನವು 40 ಡಿಗ್ರಿಗಳನ್ನು ದಾಟಿರುತ್ತದೆ. ಹನ್ನೊಂದು ಗಂಟೆಯ ಮೇಲೆ ಬೀದಿಗಳು ಬರಿದಾಗುತ್ತವೆ. ಶಹಾಬಾದ ಕಲ್ಲು ಹಾಸಿದ ಅಂಗಳದಲ್ಲಿ ಬರಿಗಾಲನ್ನು ಊರಲಾಗುವುದಿಲ್ಲ. ಇಂತಹ ಕಾಲದಲ್ಲಿ ಪ್ರವಾಸಕ್ಕೆ ಹೊರಡುವವರನ್ನು ಬುದ್ಧಿವಂತರೆಂದು ಯಾರೂ ಕರೆಯಲಾರರು. ಆದರೂ ಹೋದ ಬೇಸಿಗೆಯಲ್ಲಿ ನಾವು ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟೆವು. ಅದಕ್ಕೆ ಕಾರಣವಾದುದು ಒಂದು ಚೆಂಡು.

ಕಮಲಾಪುರದಲ್ಲಿ ನಮ್ಮ ತಂಗಿಯ ಮನೆಯಿದೆ. ಅವಳ ಮಗನಿಗೆ ಈಗ ಹದಿಮೂರು ವರ್ಷ. ಅದರ ಹಿಂದಿನ ವರ್ಷ ಅವನೂ ಅವನ ಗೆಳೆಯರೂ ನಾಲ್ಕು ನಾಲ್ಕು ಕಾಸು ಕೂಡಿಸಿ, ಪಟ್ಟಣದಿಂದ ಒಳ್ಳೆಯ ಕ್ರಿಕೆಟ್ ಚೆಂಡೊಂದನ್ನು ತಂದುಕೊಡಬೇಕೆಂದು ನಮ್ಮನ್ನು ಕೇಳಿಕೊಂಡಿದ್ದರು. ಬೆಲೆ ಹೆಚ್ಚಾದುದೇ ಒಳ್ಳೆಯದೆಂಬುದು ಪಟ್ಟಣವಾಸಿಗಳ ನಂಬಿಕೆಯಷ್ಟೆ. ನಾವೂ ಅದನ್ನೇ ನಂಬಿ, ನಮ್ಮ ಕೈಯಿಂದಲೂ ಒಂದಷ್ಟು ಸೇರಿಸಿ, ಹೊಳೆಹೊಳೆವ ಕೆಂಪು ಚರ್ಮದ ಚೆಂಡನ್ನು ಕೊಂಡುಹೋದೆವು. ಮೂರು ದಿನಗಳಲ್ಲಿ ಅದರ ಚರ್ಮವು ತರಚಿ ಎದ್ದಿತು. ನಾಲ್ಕನೆಯ ದಿನ ಅದು ನೆಲದಲ್ಲಿದ್ದ ಹರಳೊಂದಕ್ಕೆ ತಗುಲಿ, ಯಾರೂ ಎಣಿಸದ ರೀತಿಯಲ್ಲಿ ಮೇಲಕ್ಕೆದ್ದು, ನಮ್ಮ ಸೋದರಳಿಯನ ಹುಬ್ಬನ್ನು ಸೀಳಿತು. ಇನ್ನು ಅರ್ಧ ಬೆರಳು ಕೆಳಗೆ ತಗುಲಿದ್ದರೆ ಕಣ್ಣು ಹೋಗುತ್ತಿತ್ತು. ತಂಗಿ ನಮ್ಮನ್ನು ಬಯ್ಯಲಿಲ್ಲ. “ಅಣ್ಣಾ, ಚೆಂಡ ತಂದುಕೊಟ್ಟಾವ ನೀನೇ ಅಲ್ಲಾ” ಎಂದಷ್ಟೇ ಅಂದಳು. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು.

ಹುಡುಗರ ಆಟವು ಗಾಯಕ್ಕೆ ಅಂಜಿ ನಿಲ್ಲತಕ್ಕದ್ದಲ್ಲ. ವರ್ಷ ತಿರುಗುವಷ್ಟರಲ್ಲಿ ಸೋದರಳಿಯನು ಫೋನಿನಲ್ಲಿ ಮಾತನಾಡಿ, “ಮಾಮಾ, ಮತ್ತ ರೊಕ್ಕ ಕೂಡಿಸೀವ್ರಿ. ಈ ಸಲ ಪಾಡ ಚೆಂಡ ನೋಡಿ ತರ್ರಿ. ಅವ್ವಗ ನೀವ ಹೇಳಬೇಕ್ರಿ” ಎಂದನು. ಮಕ್ಕಳ ರೊಕ್ಕವೂ ತಾಯಿಯ ಅಂಜಿಕೆಯೂ ಒಟ್ಟಿಗೆ ನಮ್ಮ ತಲೆಯ ಮೇಲೆ ಬಿದ್ದುವು. ಆದುದರಿಂದ ಈ ಸಲ ಅಂಗಡಿಗೆ ನೇರವಾಗಿ ಹೋಗದೆ, ತಿಳಿದವರನ್ನು ಕೇಳಬೇಕೆಂದು ನಿಶ್ಚಯಿಸಿದೆವು.

ಮರುದಿನ ಬೆಳಗಿನ ತಂಪಿನಲ್ಲಿ ಕೋಟೆಯ ಕಡೆಗೆ ನಡೆದೆವು. ಬಹಮನಿ ಅರಸರು 1347ರಲ್ಲಿ ತಮ್ಮ ರಾಜ್ಯವನ್ನು ಸ್ಥಾಪಿಸಿ ಈ ಊರನ್ನೇ ರಾಜಧಾನಿಯನ್ನಾಗಿ ಮಾಡಿಕೊಂಡ ಸಂಗತಿಯನ್ನು ವಾಚಕರು ಓದಿರಬಹುದು. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯು ಇಂದಿಗೂ ಗಟ್ಟಿಯಾಗಿ ನಿಂತಿದೆ. ಬೇರೆ ಮಸೀದಿಗಳಲ್ಲಿರುವಂತೆ ಅದಕ್ಕೆ ತೆರೆದ ಅಂಗಳವಿಲ್ಲ; ಇಡೀ ಕಟ್ಟಡವೇ ಗುಮ್ಮಟಗಳ ಮಾಡಿನ ಕೆಳಗಿದೆ. ಕಲಬುರಗಿಯ ಬಿಸಿಲನ್ನು ಬಲ್ಲವರಿಗೆ ಆ ನೆರಳಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಕೋಟೆಯಲ್ಲಿ ಬಹು ಉದ್ದವಾದ ತೋಪೊಂದಿದೆ. ಅದನ್ನು ನೋಡುತ್ತ ನಿಂತಾಗ, ತೋಪಿಗೂ ಅದರ ಬಾಯಿಗೆ ತಕ್ಕ ಗುಂಡೇ ಬೇಕಲ್ಲವೇ ಎಂಬ ಯೋಚನೆ ನಮಗೆ ಬಂದಿತು.

ಹೊರಗಿನ ಬಯಲಿನಲ್ಲಿ ಹತ್ತಿಪ್ಪತ್ತು ಹುಡುಗರು ಆಡುತ್ತಿದ್ದರು. ಅವರಿಗೆ ಕಲಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಕಥೆಯನ್ನು ಪೂರ್ತಿಯಾಗಿ ಕೇಳಿ ನಕ್ಕರು. “ನೀವು ಅಂಗಡಿಯವನ್ನ ಕೇಳೀರಿ, ನೆಲಾನ ಕೇಳಿಲ್ರಿ. ಮೊದಲ ನೆಲಾನ ಕೇಳಬೇಕ್ರಿ” ಎಂದರು. ಹಾಗೆಂದು ಕೆಳಗೆ ಕುಳಿತು, ನೆಲದಲ್ಲಿದ್ದ ಬಿರುಕೊಂದರಲ್ಲಿ ನಾಲ್ಕು ಬೆರಳುಗಳನ್ನಿಳಿಸಿ ತೋರಿಸಿದರು.

ಅವರು ಹೇಳಿದುದರ ಸಾರಾಂಶವಿದು. ಕಲಬುರಗಿಯ ಸುತ್ತಲಿನದು ತೊಗರಿ ಬೆಳೆವ ಎರೆ ನೆಲ. ಇದರಲ್ಲಿ ಜಿಗಟು ಹೆಚ್ಚು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಕುಗ್ಗಿದಲ್ಲೆಲ್ಲ ಬಾಯ್ದೆರೆಯುತ್ತದೆ. ನೀರುಣಿಸಿ ರೋಲರು ಉರುಳಿಸಿದರೆ ಇದರ ಮೇಲೆ ಚೆಂಡು ತಗ್ಗಾಗಿ, ನಿಧಾನವಾಗಿ ಬರುವುದು. ಆದರೆ ಬಿರುಕು ಬಿಟ್ಟ ಮೇಲೆ, ಬಿರುಕಿನ ಅಂಚಿಗೆ ತಗುಲಿದ ಚೆಂಡು ಎತ್ತ ಹೋಗುವುದೆಂದು ಬ್ರಹ್ಮನೂ ಹೇಳಲಾರನು. ಕೆಂಪು ಮಸಾರಿ ನೆಲದ ಗುಣವೇ ಬೇರೆ. ಅದು ನೀರನ್ನು ಬೇಗ ಬಿಟ್ಟುಕೊಡುತ್ತದೆ, ಬೇಗ ಒಣಗುತ್ತದೆ. ಗಟ್ಟಿಯಿರುವಾಗ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಆಮೇಲೆ ಮೇಲ್ಪದರವು ಪುಡಿಯಾಗಿ ಚೆಂಡನ್ನು ಹಿಡಿದು ತಿರುಗಿಸುತ್ತದೆ. ಎರಡೂ ನೆಲಗಳು ಒಣಗಿದಾಗ ಮಾಡುವ ಕೆಲಸ ಮಾತ್ರ ಒಂದೇ: ಅರದಂತೆ ಚೆಂಡಿನ ಮೈಯನ್ನು ಉಜ್ಜುವುದು.

ಈ ಮಾತನ್ನು ಕೇಳಿದಾಗ, ಹಿಂದೊಮ್ಮೆ ಬೆಂಗಳೂರಿನಲ್ಲಿ ಕಂಡ ಬೇರೊಂದು ಆಟವು ನಮ್ಮ ನೆನಪಿಗೆ ಬಂದಿತು. ಅಲ್ಲಿ ತಂಪು ಮಾಡಿದ ಕೋಣೆಯಲ್ಲಿ, ಕನ್ನಡಿಯಂತೆ ನುಣುಪಾದ ಹಾಸಿನ ಮೇಲೆ ಭಾರವಾದ ಗುಂಡನ್ನು ಉರುಳಿಸಿ ಹತ್ತು ಗೂಟಗಳನ್ನು ಕೆಡಹುತ್ತಾರೆ. ಇದಕ್ಕೆ ಬೌಲಿಂಗ್ ಎಂದು ಹೆಸರು. ಗುಂಡನ್ನು ಬಿಡುವ ಗೆರೆಯಿಂದ ಮೊದಲ ಗೂಟಕ್ಕೆ 60 ಅಡಿ. ನಮ್ಮ ಕ್ರಿಕೆಟಿನ ವಿಕೆಟ್ಟುಗಳ ನಡುವಣ 66 ಅಡಿಗೆ ಸ್ವಲ್ಪವೇ ಕಡಿಮೆ. ಗುಂಡು 16 ಪೌಂಡಿನವರೆಗೂ ತೂಗಬಹುದು. ಆ ಹಾಸಿನ ಮುಂಭಾಗಕ್ಕೆ ಎಣ್ಣೆಯನ್ನು ತೆಳುವಾಗಿ ಸವರಿರುತ್ತಾರೆ. ಎಣ್ಣೆಯಿದ್ದಲ್ಲಿ ಗುಂಡು ಜಾರುತ್ತದೆ. ಅದು ಆರಿದಲ್ಲಿ ನೆಲವನ್ನು ಕಚ್ಚಿ ಓರೆಯಾಗಿ ತಿರುಗುತ್ತದೆ. ಹೊತ್ತು ಕಳೆದಂತೆ ಗುಂಡುಗಳೇ ಎಣ್ಣೆಯನ್ನು ಒರಸಿಕೊಂಡು ಹೋಗುವುದರಿಂದ ಹಾಸು ಒಣಗುತ್ತದೆ. ಆಗ, ಬೆಲೆ ಹೆಚ್ಚಿನ, ನೆಲವನ್ನು ಕಚ್ಚಲೆಂದೇ ಮಾಡಿದ ರಾಳದ ಮೈಯ ಗುಂಡು ಬೇಗನೆ ತಿರುಗಿಬಿಟ್ಟು, ತನ್ನ ಕಸುವನ್ನು ದಾರಿಯಲ್ಲಿಯೇ ಕಳೆದುಕೊಳ್ಳುತ್ತದೆ. ಬಲ್ಲವರು ಅದನ್ನು ಬದಿಗಿಟ್ಟು, ಗಟ್ಟಿಯೂ ನುಣುಪೂ ಆದ ಪಾಲಿಯೆಸ್ಟರ್ ಮೈಯ ಸಾದಾ ಗುಂಡನ್ನೋ, ಮೆರುಗು ಕೊಟ್ಟ ಬೇರೆ ಗುಂಡನ್ನೋ ಎತ್ತಿಕೊಳ್ಳುತ್ತಾರೆ. ಅದು ಒಣ ಹಾಸಿನ ಮೇಲೂ ನೆಟ್ಟಗೆ ಓಡುತ್ತದೆ. ಹಾಸು ಒಣಗಿದಷ್ಟೂ ಹಿಡಿತ ಕಡಿಮೆಯ ಗುಂಡು ಬೇಕು ಎಂಬುದು ಅಲ್ಲಿಯ ಪಾಠ. ಲಕ್ಷಾಂತರ ರೂಪಾಯಿಗಳ ಆ ಹಾಸಿಗೂ ಕೋಟೆಯ ಪಕ್ಕದ ಬಿರಿದ ಬಯಲಿಗೂ ಒಂದೇ ನ್ಯಾಯವೆಂಬುದನ್ನು ಕಂಡು ನಮಗೆ ಆಶ್ಚರ್ಯವಾಯಿತು.

ಅನಂತರ ಅಂಗಡಿಗೆ ಹೋದೆವು. ಗೃಹಸ್ಥರ ಉಪಯೋಗಕ್ಕಾಗಿ, ಅಲ್ಲಿ ನೋಡಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇವೆ. ಪಂದ್ಯದ ಚರ್ಮದ ಚೆಂಡು ಒಳಗೆ ಬೆಂಡು, ಅದರ ಮೇಲೆ ಬಿಗಿದು ಸುತ್ತಿದ ದಾರ, ಹೊರಗೆ ಚರ್ಮ, ನಡುವೆ ಆರು ಸಾಲು ಹೊಲಿಗೆ, ಹೀಗಿರುತ್ತದೆ. ದೊಡ್ಡವರ ಚೆಂಡಿನ ತೂಕ 156ರಿಂದ 163 ಗ್ರಾಂ. 13 ವರ್ಷಕ್ಕಿಂತ ಚಿಕ್ಕವರದು 133ರಿಂದ 144 ಗ್ರಾಂ. ಹಿಂದಿನ ವರ್ಷ ನಾವು ಕೊಂಡದ್ದು ದೊಡ್ಡವರ ಚೆಂಡೆಂಬುದು ಆಗಲೇ ನಮಗೆ ಗೊತ್ತಾದುದು! ನಾಲ್ಕು ತುಂಡು ಚರ್ಮದ ಚೆಂಡು ಆಕಾರವನ್ನು ಹೆಚ್ಚು ಕಾಲ ಕಾಯುತ್ತದೆ. ಎರಡು ತುಂಡಿನದು ಅಗ್ಗ, ಅಭ್ಯಾಸಕ್ಕೆ ಸಾಕು. ಕೃತಕ ಚರ್ಮದ ಚೆಂಡು ಒರಟು ನೆಲದಲ್ಲಿ ಬಾಳಿಕೆ ಬರುತ್ತದೆ, ಆದರೆ ತಗುಲಿದಾಗ ಅದೂ ಕಲ್ಲಿನಂತೆಯೇ. ಟೆನಿಸ್ ಚೆಂಡು 56ರಿಂದ 59.4 ಗ್ರಾಂ ಮಾತ್ರ ತೂಗುತ್ತದೆ. 100 ಅಂಗುಲ ಎತ್ತರದಿಂದ ಬಿಟ್ಟರೆ 53ರಿಂದ 58 ಅಂಗುಲ ಪುಟಿಯಬೇಕೆಂದು ನಿಯಮವಿದೆ. ಇದನ್ನೇ ದಪ್ಪ ರಬ್ಬರಿನಿಂದ ಭಾರವಾಗಿ ಮಾಡಿ, ನಮ್ಮ ಕಡೆಯ ಹುಡುಗರ ಕ್ರಿಕೆಟಿಗೆಂದು ಮಾರುತ್ತಾರೆ. ಟೆನಿಸ್ ಚೆಂಡಿಗೆ ವಿದ್ಯುತ್ ತಂತಿಗೆ ಸುತ್ತುವ ಟೇಪನ್ನು ಸುತ್ತಿ ಆಡುವುದೂ ಉಂಟು. ಅದರಿಂದ ಮೇಲಿನ ಉಣ್ಣೆ ಸವೆಯದೆ ಉಳಿಯುತ್ತದೆ, ವೇಗವೂ ಹೆಚ್ಚುತ್ತದೆ.

ಒಣನೆಲವೆಂದರೆ ಚರ್ಮದ ಚೆಂಡಿಗೆ ಕೇಡೇ ಎಂದು ತಿಳಿಯಬಾರದು. ಚೆನ್ನಾಗಿ ಸಿದ್ಧಪಡಿಸಿದ ಒಣ ಪಿಚ್ಚು ಸ್ಪಿನ್ ಬೌಲರಿಗೆ ಹಬ್ಬವಿದ್ದಂತೆ. ನಮ್ಮ ಕರ್ನಾಟಕದ ಅನಿಲ ಕುಂಬ್ಳೆಯವರು 1999ರ ಫೆಬ್ರುವರಿ 7ರಂದು ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ ಒಬ್ಬರೇ ಕಿತ್ತದ್ದು, 74 ರನ್ನುಗಳನ್ನು ಕೊಟ್ಟು. ಆದರೆ ಅಲ್ಲಿ ರೋಲರು ಉರುಳಿಸಿದ ನೆಲವಿತ್ತು. ಬ್ಯಾಟು ಹಿಡಿದವರಿಗೆ ತಲೆಯಿಂದ ಕಾಲಿನವರೆಗೆ ಕಾಪಿತ್ತು. ಕಮಲಾಪುರದ ಹುಡುಗರಿಗೆ ಇರುವುದು ಒಂದು ಬ್ಯಾಟು ಮತ್ತು ಮೂರು ಕೋಲು.

ಕೊನೆಗೆ ನಾವು ಚರ್ಮದ ಚೆಂಡಿನ ಕಡೆಗೆ ಕಣ್ಣೆತ್ತದೆ, ಸಾದಾ ಟೆನಿಸ್ ಚೆಂಡು ಒಂದನ್ನೂ ಭಾರದವು ಮೂರನ್ನೂ ಒಂದು ಸುತ್ತು ಟೇಪನ್ನೂ ಕೊಂಡೆವು. ಇಷ್ಟಕ್ಕೂ ಹುಡುಗರ ರೊಕ್ಕದಲ್ಲಿ ಇನ್ನೂ ಒಂದಿಷ್ಟು ಉಳಿಯಿತು.

ಕಮಲಾಪುರವು ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿದೆ. ಬಸ್ಸಿನಲ್ಲಿ ಒಂದು ತಾಸಿನ ಹಾದಿ. 2017ರಲ್ಲಿ ಬೀದರದ ರೈಲುದಾರಿಯು ತೆರೆದ ಮೇಲೆ ರೈಲಿನಲ್ಲಿಯೂ ಹೋಗಬಹುದು. ನಾವು ಬಸ್ಸನ್ನೇ ಹಿಡಿದೆವು, ಯಾತಕ್ಕೆಂದರೆ ನೆಲವನ್ನು ನೋಡುವುದಿತ್ತು. ಊರು ದಾಟಿದೊಡನೆ ತೊಗರಿ ಕಿತ್ತ ಹೊಲಗಳು ಕರಿ ಕಂಬಳಿಯಂತೆ ಎರಡೂ ಕಡೆ ಹಾಸಿದ್ದುವು. ಮಹಾಗಾಂವ ದಾಟಿ ಮುಂದೆ ಹೋದಂತೆ ನೆಲವು ಏರಿಳಿಯತೊಡಗಿತು; ಕರಿಯ ನಡುವೆ ಅಲ್ಲಲ್ಲಿ ಕೆಂಪು ಕಾಣಿಸಿತು. ಕಮಲಾಪುರವನ್ನು ಮುಟ್ಟುವಷ್ಟರಲ್ಲಿ ದಾರಿಯ ಧೂಳು ಸಹ ಕೆಂಪಾಗಿತ್ತು. ಈ ಮಣ್ಣಿನಲ್ಲಿಯೇ ಆ ಊರಿನ ಪ್ರಸಿದ್ಧವಾದ ಕೆಂಪು ಬಾಳೆಯು ಬೆಳೆಯುವುದು. ಬೇರೆ ಬಾಳೆಗಿಂತ ಇದಕ್ಕೆ ಹೆಚ್ಚು ಕಾಲ ಬೇಕು, ಬೆಲೆಯೂ ಹೆಚ್ಚು. ಊರಿನ ಹೆಸರಿನಲ್ಲಿಯೇ ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಒಂದೊಂದು ನೆಲಕ್ಕೆ ಒಂದೊಂದು ಬೆಳೆ ಒಗ್ಗುವುದನ್ನು ಒಕ್ಕಲಿಗನು ತಾತಮುತ್ತಾತರ ಕಾಲದಿಂದ ಬಲ್ಲನು. ಚೆಂಡಿನ ವಿಷಯದಲ್ಲಿ ನಮಗೆ ಮಾತ್ರ ಅದು ಹೊಳೆದಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಊರಂಚಿನ ಬಯಲಿಗೆ ಹೋದೆವು. ನೆಲವು ಕೆಂಪು ಮುರಮು, ಗಟ್ಟಿ, ಮೇಲೆ ಸಣ್ಣ ಹರಳು. ಮೊದಲು ಹುಡುಗರೆಲ್ಲ ಸೇರಿ ಇಪ್ಪತ್ತೆರಡು ಗಜಗಳ ಜಾಗದಲ್ಲಿನ ಹರಳುಗಳನ್ನು ಆರಿಸಿ, ಗುಡಿಸಿ, ನೀರು ಚಿಮುಕಿಸಿದರು. ಆಮೇಲೆ ನಾವು ಎರಡು ಬಗೆಯ ಟೆನಿಸ್ ಚೆಂಡುಗಳನ್ನೂ ಹೆಗಲಿನ ಎತ್ತರದಿಂದ ಒಮ್ಮೆಗೇ ಬಿಟ್ಟು ತೋರಿಸಿದೆವು. ಸಾದಾ ಚೆಂಡು ಹೆಚ್ಚು ಪುಟಿದುದಲ್ಲದೆ, ಬೌಲು ಮಾಡಿದಾಗ ಬ್ಯಾಟು ಹಿಡಿದವನ ಹೆಗಲ ಮೇಲೆಯೇ ಹಾದುಹೋಯಿತು, ಗಾಳಿಗೂ ಓಲಾಡಿತು. ಭಾರದ ಚೆಂಡು ಸೊಂಟದ ಸುಮಾರಿಗೆ ಬಂದಿತು. “ಇದ ಪಾಡ ಅದರಿ, ಮಾಮಾ” ಎಂದು ಸೋದರಳಿಯನು ಅದನ್ನೇ ಆರಿಸಿಕೊಂಡನು.

ಎಲ್ಲರಿಗೂ ತೃಪ್ತಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಸ್ಪಿನ್ ಹಾಕುವ ಹುಡುಗನೊಬ್ಬನು, ಹೊಲಿಗೆಯಿಲ್ಲದ ಚೆಂಡು ಬೆರಳಿಗೆ ಸಿಕ್ಕುವುದಿಲ್ಲವೆಂದು ಮುಖ ಚಿಕ್ಕದು ಮಾಡಿಕೊಂಡನು. ಅವನ ಮಾತು ನಿಜ. ಉಳಿದ ರೊಕ್ಕವನ್ನು ತೆಂಗಿನ ನಾರಿನ ಹಾಸಿಗೆಂದು ತೆಗೆದಿಡಬೇಕೆಂದೂ, ಹಾಸೂ ಕಾಲುಕಟ್ಟೂ ಶಿರಸ್ತ್ರಾಣವೂ ಕೂಡಿದ ಮೇಲೆ ಅವರ ವಯಸ್ಸಿಗೆ ತಕ್ಕ ತೂಕದ ಚರ್ಮದ ಚೆಂಡನ್ನು ನಾವೇ ತಂದುಕೊಡುವೆವೆಂದೂ ಒಪ್ಪಂದವಾಯಿತು. ನಾವು ಕೊಟ್ಟ ಮಾತನ್ನು ಅವನು ಮೂರು ಸಲ ಹೇಳಿಸಿಕೊಂಡನು.

ತಂಗಿ ಬಯಲಿಗೆ ಬರುವುದಿಲ್ಲವೆಂದಿದ್ದಳು. ಆದರೆ ಹೊತ್ತು ಮುಳುಗುವ ಸಮಯಕ್ಕೆ, ಸೆರಗಿನಲ್ಲಿ ಕೆಂಪು ಬಾಳೆಯ ಹಣ್ಣುಗಳನ್ನು ಕಟ್ಟಿಕೊಂಡು ಬೇವಿನ ಗಿಡದ ಕೆಳಗೆ ಬಂದು ನಿಂತಳು. ಆಗ ಮಗನು ಬ್ಯಾಟು ಹಿಡಿದಿದ್ದನು. ಚೆಂಡೊಂದು ಹರಳಿಗೆ ತಗುಲಿ ಮೇಲಕ್ಕೆದ್ದು ಅವನ ತೋಳಿಗೆ ಬಡಿಯಿತು. ಅವಳು ಎರಡು ಹೆಜ್ಜೆ ಮುಂದೆ ಬಂದಳು. ಹುಡುಗನು ತೋಳನ್ನು ಒರಸಿಕೊಂಡು, ನಕ್ಕು, ಮತ್ತೆ ಬ್ಯಾಟನ್ನು ನೆಲಕ್ಕೂರಿ ನಿಂತನು. ಅವಳೂ ನಿಂತಲ್ಲಿಯೇ ನಿಂತಳು.

ಮಕ್ಕಳಿಗೆ ಆಟದ ಸಾಮಾನು ಕೊಳ್ಳುವ ತಂದೆತಾಯಿಗಳಿಗೆ ನಮ್ಮ ಬಿನ್ನಹವಿಷ್ಟೆ: ಅಂಗಡಿಗೆ ಹೋಗುವ ಮೊದಲು ಮಕ್ಕಳು ಆಡುವ ಬಯಲಿಗೆ ಒಮ್ಮೆ ಹೋಗಿ ಬನ್ನಿರಿ. ನೆಲವನ್ನು ಕೈಯಿಂದ ಮುಟ್ಟಿ ನೋಡಿರಿ. ಅಲ್ಲಿ ಬಿರುಕಿದೆಯೋ, ಹರಳಿದೆಯೋ, ಧೂಳಿದೆಯೋ ಎಂಬುದನ್ನು ತಿಳಿದ ಮೇಲೆ ಚೆಂಡಿನ ಬೆಲೆಯನ್ನು ಕೇಳಿರಿ. ಆ ದಿನ ಕತ್ತಲಾಗಿ ಚೆಂಡು ಕಾಣದಂತಾದಾಗ ಆಟ ನಿಂತಿತು. ತಂಗಿ ಹುಡುಗರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಕೊನೆಗೆ ನಮ್ಮ ಕೈಯಲ್ಲೊಂದನ್ನಿಟ್ಟು, “ಅಣ್ಣಾ, ನಾಳಿಗೇನು ಅವಸರ? ಎರಡು ದಿನ ಇದ್ದು ಹೋಗು” ಎಂದಳು.