ಆ ನಲವತ್ತು ನಿಮಿಷ

ಬೆಳಗಿನ ಏಳು ಗಂಟೆ. ಜಪಾನಿನ ಕರಾವಳಿಯಾಚೆ ಚಂಡಮಾರುತ. ಹಡಗಿನ ಮೈಮೇಲೆ ಒಂದು ಗೇಣು ಹಾಯಿಬಟ್ಟೆ ಉಳಿದಿಲ್ಲ. ಬರಿಗಂಬಗಳಿಗೆ ಬಡಿದ ಗಾಳಿಯೇ ಅದನ್ನು ಅಟ್ಟಿಕೊಂಡು ಹೊರಟಿದೆ. ತೆರೆಗೂ ತೆರೆಗೂ ನಡುವೆ ಇನ್ನೂರು ಮೀಟರು. ತೆರೆಯ ನೆತ್ತಿಯ ನೊರೆಯನ್ನು ಗಾಳಿ ಕಿತ್ತು ಮುಖಕ್ಕೆ ಎರಚುತ್ತಿದೆ, ಎರಡು ತೆರೆಯಾಚೆ ಏನೂ ಕಾಣದು. ಹಡಗು ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಹೊರಳುತ್ತ ತನ್ನ ಅಂಚನ್ನೇ ನೀರಿಗೆ ಅದ್ದುತ್ತಿದೆ. ಚುಕ್ಕಾಣಿಗೆ ನಿಂತವನಿಗೆ 17 ವರ್ಷ.

ಹಿರಿಯ ಅಧಿಕಾರಿ ಸ್ವಲ್ಪ ಹೊತ್ತು ಪಕ್ಕದಲ್ಲೇ ನಿಂತು ನೋಡಿದ. ಇಷ್ಟು ಸಣ್ಣ ಹುಡುಗ, ತಾಳುತ್ತಾನೋ ಇಲ್ಲವೋ? ಆಮೇಲೆ ತಲೆಯಾಡಿಸಿ ನಾಷ್ಟಾಕ್ಕೆಂದು ಕೆಳಗಿಳಿದ. ಕೆಳಗೆ ಎಲ್ಲರೂ ತಿನ್ನುತ್ತಿದ್ದಾರೆ. ಮೇಲೆ ಇವನೊಬ್ಬನೇ. 22 ಜೀವ ಇವನ ಎರಡು ಅಂಗೈಯಲ್ಲಿ. ಹಡಗು ಒಮ್ಮೆ ತೆರೆಗೆ ಅಡ್ಡ ತಿರುಗಿತೋ, ಕೆಳಗಿದ್ದ ಒಬ್ಬನೂ ಮೇಲಕ್ಕೆ ಬರಲಾರ. ಹಿಂದಿನಿಂದ ಒಂದು ತೆರೆ ಎದ್ದದ್ದು ಅವನಿಗೆ ಕಂಡಿತು. ಕಂಡರೂ ಕೈಬಿಡುವಂತಿಲ್ಲ. ಟನ್‌ಗಟ್ಟಲೆ ನೀರು ಮೈಮೇಲೆ ಕುಸಿಯಿತು. ಉಸಿರಿಲ್ಲ, ಕಣ್ಣಿಲ್ಲ. ಆ ನೀರಿನೊಳಗೇ ಹಡಗು ಅಡ್ಡ ಹೊರಳತೊಡಗಿದ್ದು ಅಂಗೈಗೆ ತಿಳಿಯಿತು. ಚಕ್ರ ತಿರುಗಿಸಿದ. ತಡೆದ. ಹೀಗೆ ಒಂಟಿಯಾಗಿ ನಲವತ್ತು ನಿಮಿಷ. ತಾಸು ತುಂಬುವ ಹೊತ್ತಿಗೆ ಬೇರೊಬ್ಬ ಬಂದು ಚಕ್ರ ಹಿಡಿದಾಗ ಹುಡುಗ ಬೆವರಿನಲ್ಲಿ ತೊಯ್ದು ಸೋತುಹೋಗಿದ್ದ. ಹಡಗು ಮಾತ್ರ ನೆಟ್ಟಗಿತ್ತು.

ಇದು 1893ರ ಮಾತು. ಹಡಗು, ಸೀಲ್ ಬೇಟೆಗೆ ಹೊರಟಿದ್ದ ಸೋಫಿಯಾ ಸದರ್ಲೆಂಡ್. ಹುಡುಗ, ಮುಂದೆ ಅಮೆರಿಕದ ಹೆಸರಾಂತ ಲೇಖಕನಾದ ಜಾಕ್ ಲಂಡನ್.

ಬೆಟಗೇರಿಯ ನೇಕಾರ ಓಣಿಯಲ್ಲಿ ಬೆಳೆದ ನನಗೆ ಸಮುದ್ರವೆಂದರೆ ಗದಗಿನ ಭೀಷ್ಮ ಕೆರೆಗಿಂತ ದೊಡ್ಡದು ಅನ್ನುವಷ್ಟೇ ತಿಳಿವಳಿಕೆ. ನನ್ನನ್ನು ಹಿಡಿದದ್ದು ಆ ಚಂಡಮಾರುತವಲ್ಲ, ಅದರ ಮುಂದಿನ ಭಾಗ. ಊರಿಗೆ ಮರಳಿದ ಹುಡುಗ ಸೇರಿದ್ದು ಓಕ್ಲೆಂಡಿನ ಸೆಣಬಿನ ಗಿರಣಿಗೆ. ತಾಸಿಗೆ 10 ಸೆಂಟು, ದಿನಕ್ಕೆ ಹತ್ತು ತಾಸು. ಕಂಡಿಕೆ ಸುತ್ತುವ ಹುಡುಗರನ್ನು ನಾನು ಬಲ್ಲೆ. ಸಂಜೆ ಅವರ ರೆಪ್ಪೆಯ ಮೇಲೂ ನೂಲಿನ ಧೂಳು ಕೂತಿರುತ್ತದೆ. ಉಣ್ಣುವಾಗಲೂ ಬೆರಳು ಇಲ್ಲದ ಎಳೆಯನ್ನು ಹೊಸೆಯುತ್ತಿರುತ್ತವೆ. ಅಂಥದೇ ಗಿರಣಿ ಹುಡುಗನಾಗಿದ್ದ ಜಾಕ್‌ನ ತಾಯಿ ಪತ್ರಿಕೆಯಲ್ಲಿ ಬರವಣಿಗೆಯ ಸ್ಪರ್ಧೆಯೊಂದನ್ನು ನೋಡಿ, ಬರೆ ಎಂದು ಗಂಟುಬಿದ್ದಳು. ಬೆಳಿಗ್ಗೆ ಐದೂವರೆಗೆ ಏಳಬೇಕಾದವನು ಆ ಚಂಡಮಾರುತವನ್ನೇ ಬರೆಯಲು ನಡುರಾತ್ರಿ ಅಡುಗೆಮನೆಯ ಮೇಜಿಗೆ ಕೂತ. ಮೊದಲ ರಾತ್ರಿ ಎರಡು ಸಾವಿರ ಪದ. ಸ್ಪರ್ಧೆಯ ಮಿತಿಯೂ ಅಷ್ಟೇ, ಕಥೆ ಮಾತ್ರ ಅರ್ಧಕ್ಕೇ ನಿಂತಿತ್ತು. ಎರಡನೆಯ ರಾತ್ರಿ ಮತ್ತೆ ಎರಡು ಸಾವಿರ. ಮೂರನೆಯ ರಾತ್ರಿ ಪೂರಾ ಕತ್ತರಿ ಕೆಲಸ.

ಮೊದಲ ಬಹುಮಾನ ಅವನಿಗೇ ಬಂತು. ಅವನ ಹಿಂದೆ ಉಳಿದವರು ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳಲ್ಲಿ ಓದುತ್ತಿದ್ದವರು. ಬಹುಮಾನದ ಮೊತ್ತ 25 ಡಾಲರು, ಅಂದರೆ ಗಿರಣಿಯಲ್ಲಿ 25 ದಿನದ ದುಡಿಮೆ. ನಮ್ಮ ಓಣಿಯಲ್ಲಾದರೆ ಯಾರಾದರೂ ಈ ಲೆಕ್ಕವನ್ನೇ ಮೊದಲು ಹಾಕುತ್ತಿದ್ದರು, ಕಥೆ ಆಮೇಲೆ.

ಹದಿಹರೆಯದವರಿಗೆಂದೇ ಅವನು ಬರೆದ ಕಾದಂಬರಿ 1902ರಲ್ಲಿ ಬಂದ 'ದಿ ಕ್ರೂಸ್ ಆಫ್ ದಿ ಡ್ಯಾಜ್ಲರ್'. ಹದಿನೈದರಲ್ಲಿ ಸಾಲ ಮಾಡಿ ದೋಣಿ ಕೊಂಡು ರಾತ್ರಿಯಲ್ಲಿ ಸಿಂಪಿ ಕದ್ದವನಿಗೆ ಸರಕಿಗೇನು ಕೊರತೆ? ಗಿರಣಿಯನ್ನೂ ಅವನು ಬಿಡಲಿಲ್ಲ. 1906ರ ಅವನ ಒಂದು ಸಣ್ಣಕಥೆಯ ನಾಯಕ ಸೆಣಬಿನ ಗಿರಣಿಯ ಬಾಲಕ. ನನ್ನ ಮಟ್ಟಿಗೆ ಅವನ ನಾಯಿ, ತೋಳಗಳ ಕಥೆಗಳಿಗಿಂತ ಅದು ದೊಡ್ಡದು.

ಇನ್ನು ಅವನ ಮತ್ತೊಂದು ಸಾಹಸ, ಹಲಗೆ ಏರಿ ಅಲೆಯ ಮೇಲಿನ ಸವಾರಿ. 1907ರ ಏಪ್ರಿಲ್‌ನಲ್ಲಿ 'ಸ್ನಾರ್ಕ್' ಎಂಬ ತನ್ನದೇ ಹಾಯಿಹಡಗಿನಲ್ಲಿ ಲಂಡನ್ ಲೋಕ ಸುತ್ತಲು ಹೊರಟ. ನಡುಗಡಲಲ್ಲಿ ದಿಕ್ಕು ಹಿಡಿಯುವ ಲೆಕ್ಕವನ್ನು ಕಲಿತದ್ದು ಹೊರಟ ಮೇಲೆ, ಪುಸ್ತಕ ನೋಡಿ! ಹೇಗೋ ಹವಾಯಿ ಮುಟ್ಟಿದ. ವೈಕಿಕಿ ಕಡಲದಂಡೆಯಲ್ಲಿ ಹಲಗೆಯ ಮೇಲೆ ನೆಟ್ಟಗೆ ನಿಂತು, ನೊರೆ ಸೀಳಿಕೊಂಡು ಬರುತ್ತಿದ್ದ ಜಾರ್ಜ್ ಫ್ರೀತ್ ಎಂಬ ತರುಣನನ್ನು ಕಂಡದ್ದೇ ತಡ, ಇದನ್ನು ಕಲಿಯದೆ ಇಲ್ಲಿಂದ ಹೊರಡುವುದಿಲ್ಲ ಎಂದು ಹಟ ಹಿಡಿದ. ಮೊದಲು ಪುಟ್ಟ ಹಲಗೆಯೊಂದನ್ನು ಹಿಡಿದು ಆಳವಿಲ್ಲದ ನೀರಿನಲ್ಲಿ ಅಲ್ಲಿನ ಮಕ್ಕಳ ಜೊತೆ ಒದ್ದಾಡಿದ. ಮಕ್ಕಳು ಅಲೆ ಹತ್ತಿ ಹೋದರು, ಇವನು ನಿಂತಲ್ಲೇ ನಿಂತ. ಕೊನೆಗೆ ಅಲೆಕ್ಸಾಂಡರ್ ಹ್ಯೂಮ್ ಫೋರ್ಡ್ ಎಂಬಾತ ಆ ಹಲಗೆ ಎಸೆಯಲು ಹೇಳಿ ದೊಡ್ಡದನ್ನು ಕೊಟ್ಟ. ಅಲೆ ಬಂದಾಗ ಮೈ ಬಿಗಿಯಬೇಡ, ಒಳಸೆಳೆತ ಎಳೆದರೆ ಗುದ್ದಾಡಬೇಡ, ಮೈಬಿಟ್ಟು ಬಿಡು, ಇದು ಪಾಠ.

ನಮ್ಮ ಎರೆಹೊಲದ ಹಿಂಗಾರಿ ಜೋಳ ನೋಡಿದವರಿಗೆ ಈ ಆಟದ ಗುಟ್ಟು ಬೇಗ ತಿಳಿದೀತು. ಗಾಳಿ ಬೀಸಿದಾಗ ಹೊಲದುದ್ದಕ್ಕೂ ಅಲೆ ಓಡುತ್ತದೆ, ದಂಟು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಸಮುದ್ರದಲ್ಲೂ ಓಡುವುದು ಅಲೆಯ ಆಕಾರ, ನೀರಲ್ಲ. ಸವಾರ ಆ ಆಕಾರದ ಇಳಿಜಾರಿನಲ್ಲಿ ಜಾರುತ್ತಿರುತ್ತಾನೆ. ಜಾರಿದಷ್ಟೂ ಮುಂದೆ ಹೊಸ ಇಳಿಜಾರು ಏಳುತ್ತಿರುತ್ತದೆ.

ಮರುದಿನ ಲಂಡನ್ ಆಳದ ದೊಡ್ಡ ಅಲೆಗಳಿಗೇ ನುಗ್ಗಿದ. ಅಲೆಯಡಿ ಮುಳುಗು, ಏಳು, ಉಸಿರು ಹಿಡಿ, ಮತ್ತೆ ಮುಳುಗು. ನಾಲ್ಕು ತಾಸು. ಬಿಸಿಲು ಬೆನ್ನ ಮೇಲಿದೆ ಅನ್ನುವುದೇ ಮರೆತಿತ್ತು. ರಾತ್ರಿಗೆ ಚರ್ಮ ಬೊಬ್ಬೆಯೆದ್ದು, ಎದ್ದು ನಿಲ್ಲಲೂ ಆಗದೆ ಹಾಸಿಗೆ ಹಿಡಿದ. ಮಲಗಿಕೊಂಡೇ ಆ ಆಟದ ಬಗ್ಗೆ ಬರೆದ. ಆ ಲೇಖನದಿಂದಲೇ ಅಮೆರಿಕದ ಸಾವಿರಾರು ಓದುಗರಿಗೆ ಅಲೆ ಸವಾರಿ ಪರಿಚಯವಾಯಿತು. ಫ್ರೀತ್ ಅದೇ ವರ್ಷ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿನ ದಂಡೆಗಳಲ್ಲಿ ಹಲಗೆ ಏರಿದ.

ಕನ್ನಡದಲ್ಲಿ ಹೀಗೆ ಮೈಯಿಂದ ಬರೆದವರು ಯಾರೆಂದರೆ ನನಗೆ ತೇಜಸ್ವಿ. ಗಾಳ ಹಾಕಿ, ಕಾಡು ಅಲೆದು ಪಡೆದದ್ದು 1980ರ 'ಕರ್ವಾಲೊ' ಕಾದಂಬರಿಯಲ್ಲಿದೆ. ಅದರಲ್ಲಿನ ಹಾರುವ ಓತಿಯ ಹಿಂದೆ ಬಿದ್ದು ಎಷ್ಟು ಹೈಸ್ಕೂಲು ಹುಡುಗರು ನಿದ್ದೆಗೆಟ್ಟಿಲ್ಲ! ಆದರೆ ತೇಜಸ್ವಿಯವರದು ಹೆಚ್ಚಾಗಿ ಮಲೆನಾಡು. ಕಡಲ ಹಲಗೆಯ ಮೇಲೆ ನಿಂತ ಕನ್ನಡ ಕಾದಂಬರಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಆಟವೇನೋ ನಮ್ಮ ಕರಾವಳಿಯಲ್ಲೂ ಇದೆ, ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಇದೆ. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದವರು ರಮೇಶ್ ಬೂದಿಹಾಳ್. ಭಾರತಕ್ಕೆ ಅಲ್ಲಿ ಸಿಕ್ಕ ಮೊದಲ ವೈಯಕ್ತಿಕ ಪದಕ ಅದು. ಬೂದಿಹಾಳ! ನಮ್ಮ ಕಡೆಯ ಬಸ್ಸಿನ ಬೋರ್ಡಿನಲ್ಲಿ ಕಾಣುವಂಥ ಹೆಸರು.

ಮಗ್ಗದ ಓಣಿಯ ತಮ್ಮಂದಿರೇ, ತಂಗಿಯರೇ, ಕಡಲು ದೂರವಾದರೆ ಕಪ್ಪತಗುಡ್ಡ ಹತ್ತಿರವಿದೆ, ಮುಂಡರಗಿ ದಾಟಿದರೆ ತುಂಗಭದ್ರೆ ಇದ್ದಾಳೆ. ಹೋಗಿ ಬನ್ನಿ, ಬರೆಯಿರಿ. ಗದಗಿನಲ್ಲಿ ಅಚ್ಚುಕೂಟಗಳಿಗೆ ಬರವಿಲ್ಲ. ಹಸ್ತಪ್ರತಿ ನನಗೆ ತಂದುಕೊಟ್ಟರೆ ಅದೇ ರಾತ್ರಿ ಓದಿ ಮುಗಿಸುತ್ತೇನೆ.