ಎರಡನೆಯ ಹೋಳಿಗೆ

ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ವಿಶಾಖಪಟ್ಟಣಕ್ಕೆ ತಂದಿತು. ಅಲ್ಲಿಂದ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು, ಸ್ಥೂಲಕಾಯ ಮತ್ತು ಮಧುಮೇಹದಿಂದ ಬಳಲುತ್ತಿದ್ದ ತಂಗಿಯನ್ನು ವಿಜಯವಾಡದ ಶಸ್ತ್ರವೈದ್ಯರಲ್ಲಿಗೆ ಕರೆದೊಯ್ದೆವು. 1991ರ ಅಮೆರಿಕದ ಮಾರ್ಗಸೂಚಿ ಇಂಥವರಿಗೆ ದೇಹತೂಕ ಸೂಚ್ಯಂಕ 35 ಇರಬೇಕೆಂದಿತ್ತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಏಷ್ಯಾದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆಯುತ್ತಾರೆ. ಜೀವನಪರ್ಯಂತ ವಿಟಮಿನ್ ಮಾತ್ರೆ, ತಪಾಸಣೆ ತಪ್ಪದು. ಮೊದಲು ಆಹಾರತಜ್ಞರನ್ನೂ ಮನೋವೈದ್ಯರನ್ನೂ ಕಂಡು ಬರಲು ವೈದ್ಯರು ಸೂಚಿಸಿದರು.

“ಮನೆಯವರ ಸಹಕಾರ ಇದೆಯೇ?” ಎಂದೂ ಕೇಳಿದರು. ತಂಗಿ ನಮ್ಮತ್ತ ನೋಡಿದಳು. ಬೇಡವೆಂದರೂ ಎರಡನೆಯ ಹೋಳಿಗೆ ಬಡಿಸಿದವರು ನಾವು. ದಪ್ಪಗಾದಳೆಂದು ನಕ್ಕವರೂ ನಾವೇ. ಉತ್ತರಿಸಲು ನಮಗೆ ತುಸು ಹೊತ್ತು ಹಿಡಿಯಿತು.